ಕೋಟಿ ಬಂದ ಮಾತ್ರಕ್ಕೆ ಸ್ಟಾರ್ಟಪ್ ಗೆದ್ದಂತಲ್ಲ: ಗಲ್ಲಾಪೆಟ್ಟಿಗೆ ಹೇಳುವ ಲೆಕ್ಕವೇ ಬೇರೆ

‘ಬೆಂಗಳೂರಿನ ಸ್ಟಾರ್ಟಪ್‌ಗೆ ನೂರು ಕೋಟಿ ಹೂಡಿಕೆ’. ಇಂಥದ್ದೊಂದು ಸುದ್ದಿ ವಾರಕ್ಕೊಮ್ಮೆಯಾದರೂ ಮೊಬೈಲ್‌ಗೆ ಬಂದು ಬೀಳುತ್ತದೆ. ಓದಿದವರು ‘ನಮ್ಮ ಹುಡುಗ್ರೂ ಏನಾದ್ರೂ ಮಾಡ್ಬೇಕಪ್ಪ’ ಅಂತಾರೆ. ಇಂಜಿನಿಯರಿಂಗ್ ಮುಗಿಸಿ ಊರಿಗೆ ಬಂದ ಮಗ ‘ಆ್ಯಪ್ ಮಾಡ್ತೀನಿ, ಹತ್ತು ಲಕ್ಷ ಬೇಕು’ ಅಂದಾಗ, ತೋಟದ ಮೇಲೆ ಸಾಲ ತೆಗೆಯೋದಾ, ಒಡವೆ ಅಡ ಇಡೋದಾ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಇತ್ತ ಪೇಟೆ ಬೀದಿಯ ಅಂಗಡಿಗೆ ಕಂಪನಿ ಟೀ ಶರ್ಟ್ ಹಾಕಿಕೊಂಡ ಹುಡುಗರು ಬಂದು ‘ನಮ್ಮ ಆ್ಯಪ್‌ಗೆ ಸೇರ್ಕೊಳಿ ಅಣ್ಣಾ, ಮೊದಲ ಮೂರು ತಿಂಗಳು ಕಮಿಷನ್ ಇಲ್ಲ’ ಅಂತಾರೆ.

ದುಡ್ಡು ಹಾಕುವ ಅಪ್ಪನಿಗೂ, ಸಾಮಾನು ಕೊಡುವ ಅಂಗಡಿಯವರಿಗೂ ಗೊತ್ತಾಗಬೇಕಾದ್ದು ಒಂದೇ. ಈ ವ್ಯಾಪಾರ ತನ್ನ ಕಾಲ ಮೇಲೆ ನಿಂತಿದೆಯಾ, ಇಲ್ಲ ಯಾರದೋ ದುಡ್ಡಿನಲ್ಲಿ ಓಡುತ್ತಿದೆಯಾ? ದೊಡ್ಡ ಸುದ್ದಿಯಾದ ಕೆಲವು ಕಂಪನಿಗಳ ಲೆಕ್ಕ ಬಿಚ್ಚಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಕೊಬ್ಬರಿ ಮಾರಿದ ದುಡ್ಡಾ, ತೋಟ ಮಾರಿದ ದುಡ್ಡಾ?

‘ನೂರು ಕೋಟಿ ಹೂಡಿಕೆ’ ಅನ್ನುವುದು ಗಿರಾಕಿಗಳು ಕೊಟ್ಟ ದುಡ್ಡಲ್ಲ. ಕಂಪನಿಯ ಒಂದು ಪಾಲನ್ನು ಹೂಡಿಕೆದಾರರಿಗೆ ಮಾರಿ ತಂದ ದುಡ್ಡು. ತಿಪಟೂರು ಕಡೆಯವರಿಗೆ ಹೇಳೋದಾದರೆ, ಕೊಬ್ಬರಿ ಮಾರಿ ಬಂದದ್ದಲ್ಲ, ತೋಟದಲ್ಲಿ ಒಂದು ಎಕರೆ ಮಾರಿ ಬಂದದ್ದು. ಎಕರೆ ಮಾರಿದ ದುಡ್ಡಲ್ಲಿ ಬೋರ್ ಕೊರೆಸಿ ಉಳಿದ ತೋಟ ಹಸಿರು ಮಾಡಿಕೊಂಡರೆ ಒಳ್ಳೆಯದೇ. ಅದನ್ನೇ ಆ ವರ್ಷದ ಫಸಲು ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದರೆ ಕೇಳಿದವರು ನಗುತ್ತಾರೆ. ಸ್ಟಾರ್ಟಪ್ ಲೋಕದಲ್ಲಿ ಮಾತ್ರ ಅದಕ್ಕೆ ಹೂವಿನ ಹಾರ ಬೀಳುತ್ತದೆ.

ಇದರ ಜೊತೆಗೆ ಬರುವ ಇನ್ನೊಂದು ಪದ ‘ವ್ಯಾಲ್ಯುಯೇಷನ್’, ಅಂದರೆ ಕಂಪನಿಯ ಬೆಲೆ. ಈ ಅಂಕಿ ಹುಟ್ಟುವ ರೀತಿ ಬಹಳ ಸರಳ. ಒಬ್ಬರು ರಾಗಿ ಮಾಲ್ಟ್ ಪುಡಿ ಕಂಪನಿ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಪರಿಚಯದವರೊಬ್ಬರು 20 ಲಕ್ಷ ಕೊಟ್ಟು ಶೇ 10ರಷ್ಟು ಪಾಲು ತೆಗೆದುಕೊಳ್ಳುತ್ತಾರೆ. ಹತ್ತನೇ ಒಂದು ಭಾಗಕ್ಕೆ 20 ಲಕ್ಷ ಅಂದಮೇಲೆ ಇಡೀ ಕಂಪನಿಗೆ 2 ಕೋಟಿ. ಮಾರನೇ ದಿನ ‘ಎರಡು ಕೋಟಿ ಕಂಪನಿಯ ಮಾಲೀಕ’ ಅಂತ ಸುದ್ದಿ. ಆದರೆ ಆ ಎರಡು ಕೋಟಿ ಎಲ್ಲೂ ಇಲ್ಲ. ಬ್ಯಾಂಕ್ ಖಾತೆಯಲ್ಲಿರುವುದು ಪರಿಚಯದವರು ಹಾಕಿದ 20 ಲಕ್ಷ ಮಾತ್ರ. ಉಳಿದದ್ದು ಒಬ್ಬರು ಒಂದು ದಿನ ಒಪ್ಪಿಕೊಂಡ ಬೆಲೆಯಿಂದ ಗುಣಿಸಿ ತೆಗೆದ ಅಂಕಿ. ಮುಂದಿನ ವರ್ಷ ಬೇರೆಯವರು ಅಷ್ಟು ಕೊಡಲು ಒಪ್ಪದಿದ್ದರೆ ಆ ಅಂಕಿಯೂ ಕೆಳಗಿಳಿಯುತ್ತದೆ.

ಬೆಂಗಳೂರಿನ ಬೈಜೂಸ್ ಇದಕ್ಕೆ ದೊಡ್ಡ ಉದಾಹರಣೆ. ಮಕ್ಕಳಿಗೆ ಮೊಬೈಲ್‌ನಲ್ಲಿ ಪಾಠ ಹೇಳುವ ಆ ಕಂಪನಿಯ ಬೆಲೆಯನ್ನು 2022ರಲ್ಲಿ 22 ಬಿಲಿಯನ್ ಡಾಲರ್ ಅಂತ ಕಟ್ಟಲಾಗಿತ್ತು. ಅಂದಿನ ಲೆಕ್ಕದಲ್ಲಿ ಸುಮಾರು 1.7 ಲಕ್ಷ ಕೋಟಿ ರೂಪಾಯಿ. ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಅದರ ಹೆಸರಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ತಿಂಗಳುಗಟ್ಟಲೆ ತಡವಾಗಿ, 2020-21ರ ಲೆಕ್ಕಪತ್ರ ಹೊರಬಿದ್ದಾಗ ಕಂಡದ್ದು 4,588 ಕೋಟಿ ರೂಪಾಯಿ ನಷ್ಟ. ಕೊನೆಗೆ ಜೆರ್ಸಿಯ ಬಾಬ್ತು ಸುಮಾರು 158 ಕೋಟಿ ರೂಪಾಯಿ ಬಾಕಿ ಬರಬೇಕೆಂದು ಕ್ರಿಕೆಟ್ ಮಂಡಳಿ ಹಾಕಿದ ಅರ್ಜಿಯ ಮೇಲೆ 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆ ಶುರು ಮಾಡಿತು. ಲಕ್ಷಾಂತರ ಕೋಟಿ ‘ಬೆಲೆ’ಯ ಕಂಪನಿ ನೂರೈವತ್ತು ಕೋಟಿ ಬಾಕಿಗೆ ಕೋರ್ಟ್ ಕಟಕಟೆಯಲ್ಲಿ ನಿಂತಿತು.

ಕೊತ್ತಂಬರಿ ಸೊಪ್ಪು ತಂದುಕೊಟ್ಟ ಕಂಪನಿ

ಬೈಜೂಸ್ ಬಹಳ ದೊಡ್ಡದಾಯ್ತು. ಅಂಗಡಿಯವರಿಗೆ ಹತ್ತಿರದ ಕಥೆ ಡನ್ಜೋದು.

2014ರಲ್ಲಿ ಬೆಂಗಳೂರಿನಲ್ಲಿ ಇದು ಶುರುವಾದದ್ದು ವಾಟ್ಸಾಪ್‌ನಲ್ಲಿ. ಏನು ಬೇಕೋ ಮೆಸೇಜ್ ಹಾಕಿದರೆ ಸಾಕು. ಮರೆತುಬಂದ ಚಾರ್ಜರ್ ಆಗಲಿ, ಮೆಡಿಕಲ್‌ನ ಮಾತ್ರೆ ಆಗಲಿ, ಒಂದು ಕಟ್ಟು ಕೊತ್ತಂಬರಿ ಸೊಪ್ಪೇ ಆಗಲಿ, ಮನೆ ಬಾಗಿಲಿಗೆ. ಜನಕ್ಕೆ ನಿಜಕ್ಕೂ ಇಷ್ಟವಾಯ್ತು. ಬೆಂಗಳೂರಿನಲ್ಲಿ ‘ಡನ್ಜೋ ಮಾಡು’ ಅನ್ನುವುದು ಮಾತಿನಲ್ಲೇ ಸೇರಿಹೋಯ್ತು. 2017ರಲ್ಲಿ ಗೂಗಲ್ ದುಡ್ಡು ಹಾಕಿತು. 2022ರ ಜನವರಿಯಲ್ಲಿ ರಿಲಯನ್ಸ್ ರೀಟೇಲ್ 20 ಕೋಟಿ ಡಾಲರ್ ಕೊಟ್ಟು ಕಾಲು ಭಾಗಕ್ಕಿಂತ ತುಸು ಹೆಚ್ಚು ಪಾಲು ತೆಗೆದುಕೊಂಡಿತು.

ಗಿರಾಕಿ ಇದ್ದರು, ಹೆಸರಿತ್ತು, ದೇಶದ ಅತಿ ದೊಡ್ಡ ಕಂಪನಿಯ ಬೆಂಬಲವಿತ್ತು. ಆದರೂ 2022-23ರಲ್ಲಿ ಅದರ ಆದಾಯ 226 ಕೋಟಿ, ನಷ್ಟ 1,801 ಕೋಟಿ. ಒಂದು ರೂಪಾಯಿ ಆದಾಯಕ್ಕೆ ಹೆಚ್ಚುಕಡಿಮೆ ಎಂಟು ರೂಪಾಯಿ ನಷ್ಟ. 2023ರಲ್ಲಿ ನೌಕರರ ಸಂಬಳ ತಡವಾಗತೊಡಗಿತು. ಸರಬರಾಜು ಮಾಡಿದವರು ಬಾಕಿಗಾಗಿ ನ್ಯಾಯಮಂಡಳಿ ಮೆಟ್ಟಿಲು ಹತ್ತಿದರು. 2025ರ ಜನವರಿಯಲ್ಲಿ ಆ್ಯಪ್ ಬಂದ್ ಆಯ್ತು.

ಇದು ಹೇಗಾಗುತ್ತದೆ ಅಂತ ಒಂದು ಆರ್ಡರಿನ ಲೆಕ್ಕ ಹಾಕಿ ನೋಡಬಹುದು. ಇದು ಡನ್ಜೋದ ಲೆಕ್ಕವಲ್ಲ, ನಮ್ಮ ಯಾವುದಾದರೂ ತಾಲ್ಲೂಕು ಕೇಂದ್ರದಲ್ಲಿ ಇಂಥ ಆ್ಯಪ್ ಬಂದರೆ ಎಂಬ ಅಂದಾಜು.

ಗಿರಾಕಿಯೊಬ್ಬರು 200 ರೂಪಾಯಿ ದಿನಸಿ ತರಿಸುತ್ತಾರೆ. ಅಂಗಡಿಯವರು ಶೇ 10 ಕಮಿಷನ್ ಕೊಟ್ಟರೆ ಆ್ಯಪ್‌ಗೆ 20 ರೂಪಾಯಿ. ಡೆಲಿವರಿ ಚಾರ್ಜ್ ಅಂತ ಗಿರಾಕಿಯಿಂದ 15. ಒಟ್ಟು ಬಂದದ್ದು 35. ಇನ್ನು ಖರ್ಚು: ಗಾಡಿ ಓಡಿಸುವ ಹುಡುಗನಿಗೆ 40, ಕೈಚೀಲ-ಕವರ್‌ಗೆ 3, ಆನ್‌ಲೈನ್ ಪಾವತಿ ಸಂಸ್ಥೆಗೆ 4, ಫೋನ್‌ನಲ್ಲಿ ದೂರು ಕೇಳುವವರಿಗೆ 5, ‘ಆರ್ಡರಿಗೆ 20 ರೂಪಾಯಿ ಕಡಿತ’ ಆಫರ್‌ಗೆ 20. ಒಟ್ಟು 72. ಪ್ರತಿ ಆರ್ಡರಿಗೂ 37 ರೂಪಾಯಿ ಕೈಬಿಟ್ಟಿತು.

ದಿನಕ್ಕೆ 100 ಆರ್ಡರ್ ಬಂದರೆ ನಷ್ಟ 3,700. ‘ಬೆಳವಣಿಗೆ ಭರ್ಜರಿ’ ಆಗಿ ದಿನಕ್ಕೆ 1,000 ಆರ್ಡರ್ ಆದರೆ 37,000. ವ್ಯಾಪಾರ ಹೆಚ್ಚಿದಷ್ಟೂ ಗುಂಡಿ ಆಳ. ಆಫೀಸಿನ ಬಾಡಿಗೆ, ಇಂಜಿನಿಯರ್‌ಗಳ ಸಂಬಳ, ಜಾಹೀರಾತು ಇದರಲ್ಲಿ ಸೇರೇ ಇಲ್ಲ. ಈ ಗುಂಡಿ ತುಂಬುತ್ತಿರುವುದು ಹೂಡಿಕೆದಾರರ ದುಡ್ಡು. ಅದು ನಿಂತ ದಿನ ಎಲ್ಲವೂ ನಿಲ್ಲುತ್ತದೆ.

ಹಾಗಂತ ಈ ಲೆಕ್ಕ ಸರಿಯಾಗಲು ಸಾಧ್ಯವೇ ಇಲ್ಲ ಅಂತೇನಿಲ್ಲ. ಆಫರ್ ನಿಲ್ಲಿಸಿ, ಒಬ್ಬ ಹುಡುಗ ಒಂದೇ ಸುತ್ತಿನಲ್ಲಿ ಮೂರು ಮನೆಗೆ ಕೊಟ್ಟು ಬಂದರೆ, 40 ರೂಪಾಯಿಯ ಜಾಗದಲ್ಲಿ 15 ಸಾಕಾಗಬಹುದು. ಆಗ ಖರ್ಚು 27, ಆದಾಯ 35. ಎಂಟು ರೂಪಾಯಿ ಉಳಿಯಿತು! ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಒಂದೇ ಗೇಟಿನೊಳಗೆ ಐದು ಆರ್ಡರ್ ಇರುತ್ತವೆ, ಅಲ್ಲಿ ಇದು ಆಗುವ ಮಾತು. ನಮ್ಮ ಊರುಗಳಲ್ಲಿ ಸಂಜೆ ವಾಕಿಂಗ್ ಹೋದವರು ಅಂಗಡಿ ಮುಂದೆಯೇ ಹಾದು ಬರುತ್ತಾರೆ. ಫೋನ್ ಮಾಡಿದರೆ ಅಂಗಡಿ ಹುಡುಗನೇ ಸೈಕಲ್‌ನಲ್ಲಿ ತಂದುಕೊಡುತ್ತಾನೆ, ಅದೂ ಪುಕ್ಕಟೆ. ಆಫರ್ ನಿಂತ ಮೇಲೂ 15 ರೂಪಾಯಿ ಕೊಟ್ಟು ತರಿಸುವವರು ಎಷ್ಟು ಮಂದಿ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳದೆ ಆ್ಯಪ್‌ಗೆ ಲಕ್ಷಗಟ್ಟಲೆ ಹಾಕಿದವರು ಹಲವರು.

ಗೆಲುವಿನ ಮೊದಲ ಗುರುತು ಇಲ್ಲೇ ಸಿಗುತ್ತದೆ. ಒಂದು ಪ್ಯಾಕೆಟ್, ಒಂದು ಆರ್ಡರ್, ಒಬ್ಬ ಗಿರಾಕಿ. ಆ ಒಂದರಲ್ಲಿ ನಾಲ್ಕು ಕಾಸು ಉಳಿಯುತ್ತಿದ್ದರೆ ಮುಂದಿನದ್ದು ದುಡಿಮೆ. ಒಂದರಲ್ಲೇ ಹೋಗುತ್ತಿದ್ದರೆ ಸಾವಿರದಲ್ಲಿ ಬರುವುದು ಹೇಗೆ?

ನೂರು ಪ್ಯಾಕೆಟ್‌ಗೆ ಒಂಬತ್ತು ತಿಂಗಳು

ಅದೇ ಬೆಂಗಳೂರಿನಲ್ಲಿ, ಡನ್ಜೋಗಿಂತ ಎಂಟೊಂಬತ್ತು ವರ್ಷ ಮೊದಲು, ತಿಪ್ಪಸಂದ್ರದ ಒಂದು ದಿನಸಿ ಅಂಗಡಿಯಲ್ಲಿ ಇನ್ನೊಂದು ವ್ಯಾಪಾರ ಹುಟ್ಟಿತು. ಅಂಗಡಿ ಕೇರಳದ ವಯನಾಡಿನಿಂದ ಬಂದ ಅಣ್ಣತಮ್ಮಂದಿರದ್ದು. ಪ್ಲಾಸ್ಟಿಕ್ ಕವರ್‌ಗೆ ರಬ್ಬರ್ ಬ್ಯಾಂಡ್ ಹಾಕಿ ಮಾರುತ್ತಿದ್ದ ದೋಸೆ ಹಿಟ್ಟಿನ ಬಗ್ಗೆ ಗಿರಾಕಿಗಳು ಗೊಣಗುವುದನ್ನು ಅವರು ದಿನಾ ಕೇಳುತ್ತಿದ್ದರು. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ಪೈಕಿ ಓದಿ ಕೆಲಸದಲ್ಲಿದ್ದ ಪಿ.ಸಿ. ಮುಸ್ತಫಾ 50 ಸಾವಿರ ರೂಪಾಯಿ ಹಾಕಿದರು. ಚಿಕ್ಕದೊಂದು ಕೋಣೆ, ಗ್ರೈಂಡರ್, ಹಳೆಯ ಸ್ಕೂಟರ್. ಸುತ್ತಲಿನ 20 ಅಂಗಡಿಗೆ ಹಿಟ್ಟು ಹಾಕುವುದು. ಅದೇ ಇಂದಿನ ಐಡಿ ಫ್ರೆಶ್.

ಮುಸ್ತಫಾ ಆರನೇ ಕ್ಲಾಸಿನಲ್ಲಿ ಫೇಲ್ ಆಗಿದ್ದ ಕಥೆ ಎಲ್ಲ ವಿಡಿಯೊಗಳಲ್ಲೂ ಬರುತ್ತದೆ. ವ್ಯಾಪಾರಸ್ಥರಿಗೆ ಬೇಕಾದ ಭಾಗ ಅದಲ್ಲ. ದಿನಕ್ಕೆ 100 ಪ್ಯಾಕೆಟ್ ಮಾರಾಟ ಮುಟ್ಟಲು ಅವರಿಗೆ ಒಂಬತ್ತು ತಿಂಗಳು ಹಿಡಿಯಿತು ಅನ್ನೋದು ನಿಜವಾದ ಪಾಠ. ಒಂಬತ್ತು ತಿಂಗಳು ಅಂದರೆ ಸಣ್ಣ ಅವಧಿಯಲ್ಲ. ಈಗಿನ ಸ್ಟಾರ್ಟಪ್ ಆದರೆ ಅಷ್ಟರಲ್ಲಿ ಮೂರು ಊರಿಗೆ ಬ್ರಾಂಚ್ ಮಾಡಿ, ಒಬ್ಬ ನಟನನ್ನು ಕರೆಸಿ ಟೇಪ್ ಕತ್ತರಿಸಿರುತ್ತದೆ.

ಆ ಒಂಬತ್ತು ತಿಂಗಳಲ್ಲಿ ಏನು ಕಲಿತಿರಬಹುದು ಅಂತ ಹಿಟ್ಟು ಮಾರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಹಿಟ್ಟು ಜೀವ ಇರುವ ಸರಕು. ಬೇಸಿಗೆಯಲ್ಲಿ ಬೇಗ ಉಬ್ಬುತ್ತದೆ, ಮಳೆಗಾಲದಲ್ಲಿ ಏಳುವುದೇ ಇಲ್ಲ. ಹೆಚ್ಚು ಹಾಕಿದರೆ ಉಳಿದದ್ದು ಹುಳಿಯಾಗಿ ವಾಪಸ್ ಬರುತ್ತದೆ, ಕಡಿಮೆ ಹಾಕಿದರೆ ಬೆಳಿಗ್ಗೆ ಬಂದ ಗಿರಾಕಿ ಬೇರೆ ಪ್ಯಾಕೆಟ್ ಹಿಡಿದು ಹೋಗುತ್ತಾರೆ. ಶನಿವಾರ ಎಷ್ಟು, ಹಬ್ಬದ ಹಿಂದಿನ ದಿನ ಎಷ್ಟು, ಯಾವ ಅಂಗಡಿಗೆ ಎಷ್ಟು ಅನ್ನುವ ಲೆಕ್ಕ ದುಡ್ಡು ಕೊಟ್ಟರೆ ಸಿಗುವುದಿಲ್ಲ. ದಿನಾ ಗಾಡಿ ಓಡಿಸಿಯೇ ಕಲಿಯಬೇಕು. ಸಾವಿರ ಪ್ಯಾಕೆಟ್‌ನಲ್ಲಿ ಕಲಿಯುವುದಕ್ಕಿಂತ ನೂರು ಪ್ಯಾಕೆಟ್‌ನಲ್ಲಿ ಕಲಿತರೆ ಕಳೆದುಕೊಳ್ಳುವುದೂ ಕಡಿಮೆ.

ಐಡಿಗೆ ಹೊರಗಿನ ದೊಡ್ಡ ಹೂಡಿಕೆ, 35 ಕೋಟಿ ರೂಪಾಯಿ, ಬಂದದ್ದು 2014ರಲ್ಲಿ. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು. ಹಿಟ್ಟು ಹೇಗೆ ಮಾಡಬೇಕು, ಯಾರು ಕೊಳ್ಳುತ್ತಾರೆ, ಎಷ್ಟು ಉಳಿಯುತ್ತದೆ ಎಲ್ಲ ಗೊತ್ತಾಗಿತ್ತು. ದುಡ್ಡು ಬಂದದ್ದು ಗೊತ್ತಿದ್ದ ಕೆಲಸವನ್ನು ದೊಡ್ಡದು ಮಾಡಲು. ಆಮೇಲೂ ಎಲ್ಲ ಸಲೀಸಾಗಿ ಹೋಯಿತು ಅಂತಲ್ಲ, ಹೊಸ ಊರು, ಹೊಸ ಪದಾರ್ಥ ಅಂತ ಹೋಗಿ ಕೆಲವು ವರ್ಷ ನಷ್ಟವನ್ನೂ ಕಂಡಿತು. ಆದರೆ ತಳದಲ್ಲಿ ಒಂದು ಪ್ಯಾಕೆಟ್ ಹಿಟ್ಟಿಗೆ ಪೂರ್ತಿ ಬೆಲೆ ಕೊಟ್ಟು, ಮರುವಾರ ಮತ್ತೆ ಬಂದು ಕೊಳ್ಳುವ ಮನೆಗಳಿದ್ದವು.

ಹೊರಗಿನವರ ದುಡ್ಡನ್ನು ಮುಟ್ಟದೆಯೇ ಬೆಳೆದವರೂ ಇದ್ದಾರೆ. 2010ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಷೇರು ವ್ಯವಹಾರದ ಜೆರೋಧಾ ಕಾಮತ್ ಸಹೋದರರ ಸ್ವಂತ ಬಂಡವಾಳದಲ್ಲಿ, ಗಿರಾಕಿಗಳು ಕೊಟ್ಟ ಶುಲ್ಕದಲ್ಲಿ ಬೆಳೆಯಿತು. ಎಲ್ಲ ವ್ಯಾಪಾರಕ್ಕೂ ಇದು ಆಗದು. ಕಾರ್ಖಾನೆ, ವಿಮಾನ, ಔಷಧ ಇಂಥವಕ್ಕೆ ಮೊದಲೇ ದೊಡ್ಡ ದುಡ್ಡು ಬೇಕೇ ಬೇಕು.

ಮನೆಯವರ ಕೂಲಿ ಯಾರ ಲೆಕ್ಕದಲ್ಲಿ?

ನಮ್ಮ ತಾಲ್ಲೂಕುಗಳಲ್ಲಿ ಹೂಡಿಕೆದಾರರು ಸಿಗೋದು ಅಪರೂಪ. ಇಲ್ಲಿ ನಷ್ಟವನ್ನು ಮುಚ್ಚುವುದು ಮನೆಯವರ ದುಡಿಮೆ. ಅದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಹಾಗಾಗಿ ಕಣ್ಣಿಗೂ ಬೀಳುವುದಿಲ್ಲ.

ಒಂದು ದಂಪತಿ ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ ಮಾಡಿ ಮಾರುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 60 ಸಾವಿರ ಮಾರಾಟ. ಸಾಮಾನಿಗೆ 30 ಸಾವಿರ, ಗ್ಯಾಸು-ಕರೆಂಟಿಗೆ 6, ಪ್ಯಾಕಿಂಗ್‌ಗೆ 5, ಗಾಡಿ ಪೆಟ್ರೋಲ್‌ಗೆ 4 ಸಾವಿರ. 45 ಸಾವಿರ ಕಳೆದು 15 ಸಾವಿರ ಉಳಿಯಿತು. ‘ತಿಂಗಳಿಗೆ ಹದಿನೈದು ಸಾವಿರ ಲಾಭ’ ಅಂತ ಅವರೂ ಅಂದುಕೊಳ್ಳುತ್ತಾರೆ, ನೆಂಟರೂ ಅಂದುಕೊಳ್ಳುತ್ತಾರೆ.

ಆದರೆ ಗಂಡ ಹೆಂಡತಿ ಇಬ್ಬರೂ ಬೆಳಗಿನ ಐದರಿಂದ ದುಡಿದಿದ್ದಾರೆ. ಆ ಕೆಲಸಕ್ಕೆ ಇಬ್ಬರನ್ನು 12 ಸಾವಿರದಂತೆ ಇಟ್ಟುಕೊಂಡಿದ್ದರೆ 24 ಸಾವಿರ ಕೊಡಬೇಕಿತ್ತು. ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಬಿಟ್ಟಿದ್ದರೆ 3 ಸಾವಿರ ಬರುತ್ತಿತ್ತು. ಅಂದಮೇಲೆ ವ್ಯಾಪಾರದ ಲೆಕ್ಕದಲ್ಲಿ ತಿಂಗಳಿಗೆ 12 ಸಾವಿರ ಲುಕ್ಸಾನು. ಅವರು ಲಾಭ ಅಂದುಕೊಂಡದ್ದು ಇಬ್ಬರ ಕೂಲಿ, ಅದೂ ಅರೆಕೂಲಿ.

ಇದನ್ನು ಸೋಲು ಅನ್ನೋಕೂ ಆಗಲ್ಲ. ಬೇರೆ ಕೆಲಸ ಸಿಗದ ಕಡೆ 15 ಸಾವಿರ ಅಂದರೆ ಮಕ್ಕಳ ಫೀಸು, ಮನೆ ಖರ್ಚು. ಮನೆ ಬಾಗಿಲಲ್ಲೇ ಮರ್ಯಾದೆಯ ದುಡಿಮೆ. ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ. ‘ಚೆನ್ನಾಗಿ ಲಾಭ ಬರ್ತಿದೆ, ದೊಡ್ಡದು ಮಾಡೋಣ’ ಅಂತ ಎಂಟು ಲಕ್ಷ ಸಾಲ ತೆಗೆದು, ಶೆಡ್ ಬಾಡಿಗೆಗೆ ಹಿಡಿದು, ನಾಲ್ಕು ಜನ ಕೆಲಸದವರನ್ನು ಇಟ್ಟುಕೊಂಡ ದಿನ ಅಡಗಿದ್ದ ನಷ್ಟ ಒಂದೇ ಸಲ ಈಚೆ ಬರುತ್ತದೆ. ಈಗ ಕೂಲಿ ನಿಜವಾಗಿ ಕೊಡಬೇಕು, ಬಾಡಿಗೆ ನಿಜವಾಗಿ ಕಟ್ಟಬೇಕು, ಅದರ ಮೇಲೆ ಕಂತು. ಮೊದಲೇ ಕೂಲಿ ಹಾಕಿ ಲೆಕ್ಕ ಮಾಡಿದ್ದರೆ ಚಕ್ಕುಲಿ ಪ್ಯಾಕೆಟ್‌ಗೆ ಹತ್ತು ರೂಪಾಯಿ ಏರಿಸಬೇಕು ಅಂತ ಗೊತ್ತಾಗುತ್ತಿತ್ತು. ಏರಿಸಿದ ಮೇಲೂ ಗಿರಾಕಿ ಬಂದರೆ ಆಗ ಶೆಡ್ಡಿನ ಮಾತು.

ಇದೇ ಸಾಲಿನಲ್ಲಿ ಉದ್ರಿ. 60 ಸಾವಿರ ಮಾರಾಟದಲ್ಲಿ 18 ಸಾವಿರ ಅಂಗಡಿಗಳ ಪುಸ್ತಕದಲ್ಲೇ ಉಳಿದಿದ್ದರೆ, ಆ ತಿಂಗಳು ಕೈಗೆ ಬಂದ 42 ಸಾವಿರಕ್ಕಿಂತ ಹೋದ 45 ಸಾವಿರವೇ ಹೆಚ್ಚು. ಪುಸ್ತಕದಲ್ಲಿ ಲಾಭ, ಡಬ್ಬಿಯಲ್ಲಿ ಕಾಸಿಲ್ಲ. ಅನೇಕ ಹೊಸ ವ್ಯಾಪಾರಗಳು ಮುಚ್ಚುವುದು ಸರಕು ಚೆನ್ನಾಗಿಲ್ಲದ್ದಕ್ಕಲ್ಲ, ಎಣ್ಣೆ ಮಂಡಿಗೆ ಕೊಡಲು ಆ ದಿನ ದುಡ್ಡಿಲ್ಲದ್ದಕ್ಕೆ. ಜಿಎಸ್‌ಟಿ ನೋಂದಣಿ ಆಗಿರುವವರು ಗಿರಾಕಿಯಿಂದ ವಸೂಲಿ ಮಾಡಿದ ತೆರಿಗೆಯನ್ನೂ ತಮ್ಮದೇ ದುಡ್ಡು ಅಂತ ತಿರುಗಿಸಿಬಿಡುತ್ತಾರೆ. ಕಟ್ಟುವ ತಾರೀಖು ಬಂದಾಗ ಬಡ್ಡಿಗೆ ಸಾಲ.

ನಷ್ಟವಾದರೂ ಗೆದ್ದವರು?

ಇಷ್ಟು ಓದಿದವರು ಕೇಳಬಹುದು: ಫ್ಲಿಪ್‌ಕಾರ್ಟ್ ವರ್ಷಾನುಗಟ್ಟಲೆ ನಷ್ಟದಲ್ಲೇ ಇತ್ತಲ್ಲ, ಅದು ಗೆಲ್ಲಲಿಲ್ಲವಾ? ನ್ಯಾಯವಾದ ಪ್ರಶ್ನೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಶುರು ಮಾಡಿದ ಕಂಪನಿಯ ಶೇ 77ರಷ್ಟು ಪಾಲನ್ನು 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 16 ಬಿಲಿಯನ್ ಡಾಲರ್‌ಗೆ ಕೊಂಡಿತು. ಪಾಲು ಮಾರಿದವರಿಗೆ ಭಾರಿ ದುಡ್ಡು ಬಂತು. ಆ ಮಟ್ಟಿಗೆ ಅದು ಗೆಲುವೇ. ಆ ನಂತರವೂ ಕಂಪನಿ ನಷ್ಟದ ಲೆಕ್ಕವನ್ನೇ ತೋರಿಸುತ್ತಾ ಬಂದಿದೆ. ಅಂದರೆ ಒಂದೇ ಕಂಪನಿ ಸ್ಥಾಪಕರಿಗೆ ಗೆದ್ದಿರಬಹುದು, ಹೂಡಿಕೆದಾರರಿಗೆ ಗೆದ್ದಿರಬಹುದು, ವ್ಯಾಪಾರವಾಗಿ ಇನ್ನೂ ಗೆಲ್ಲದೇ ಇರಬಹುದು. ‘ಯಾರಿಗೆ ಗೆಲುವು’ ಅಂತ ಕೇಳದೆ ಈ ಮಾತು ಪೂರ್ತಿಯಾಗಲ್ಲ. ವಾಲ್‌ಮಾರ್ಟ್‌ನಂಥ ಕೊಳ್ಳುವವರು ಬರುವವರೆಗೆ ನಷ್ಟ ತಡೆದುಕೊಳ್ಳುವ ಶಕ್ತಿ ಇದ್ದವರು ಆ ಆಟ ಆಡಬಹುದು. ಮನೆಪತ್ರ ಬ್ಯಾಂಕಿನಲ್ಲಿಟ್ಟವರಿಗೆ ಆ ಆಟ ಅಲ್ಲ.

ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರದ್ದು ಇನ್ನೊಂದು ಬಗೆ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಹುಬ್ಬಳ್ಳಿಯಂಥ ಊರಿಗೂ ವಿಮಾನ ಬಿಟ್ಟು, ಒಂದು ರೂಪಾಯಿ ಟಿಕೆಟ್ ಕೊಟ್ಟರು. ನಷ್ಟ ಬೆಳೆಯಿತು. ಕಂಪನಿ ಕಿಂಗ್‌ಫಿಷರ್ ಕೈಗೆ ಹೋಯಿತು, 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು. ಏರ್ ಡೆಕ್ಕನ್ ಉಳಿಯಲಿಲ್ಲ. ಆದರೆ ಮಧ್ಯಮ ವರ್ಗದವರೂ ವಿಮಾನ ಹತ್ತಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು, ಆ ದಾರಿಯಲ್ಲಿ ಬೇರೆ ಕಂಪನಿಗಳು ದುಡಿಯುತ್ತಿವೆ. ದೇಶಕ್ಕೆ ಒಳ್ಳೆಯದಾದದ್ದೆಲ್ಲ ಮಾಡಿದವರ ಗಲ್ಲಾಕ್ಕೂ ಒಳ್ಳೆಯದಾಗಬೇಕು ಅಂತಿಲ್ಲ. ಇವನ್ನು ಒಂದೇ ತಕ್ಕಡಿಗೆ ಹಾಕುವುದು ಕಷ್ಟ.

ಸರ್ಟಿಫಿಕೇಟ್, ಸಬ್ಸಿಡಿ

ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಯೋಜನೆ 2016ರ ಜನವರಿಯಲ್ಲಿ ಶುರುವಾಯಿತು. 2019ರ ಅಧಿಸೂಚನೆ ಪ್ರಕಾರ ನೋಂದಣಿಯಾಗಿ 10 ವರ್ಷ ಮೀರಿರದ, ವಾರ್ಷಿಕ ವಹಿವಾಟು 100 ಕೋಟಿ ದಾಟಿರದ ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ ಅಥವಾ ನೋಂದಾಯಿತ ಪಾಲುದಾರಿಕೆ ಸಂಸ್ಥೆಗೆ ಮಾನ್ಯತೆ ಸಿಗುತ್ತಿತ್ತು. ಹೊಸತನ ಇರಬೇಕು, ಹಳೆಯ ವ್ಯಾಪಾರವನ್ನೇ ಒಡೆದು ಹೊಸ ಹೆಸರಿಟ್ಟರೆ ಆಗದು. ಒಬ್ಬರೇ ಮಾಲೀಕರಾಗಿ ನಡೆಸುವ ಅಂಗಡಿಗಳು ಇದರಲ್ಲಿ ಬರುವುದಿಲ್ಲ. ಮಾನ್ಯತೆ ಪತ್ರ ಅಂದರೆ ವ್ಯಾಪಾರ ಗೆದ್ದಿದೆ ಅಂತ ಸರ್ಕಾರ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಅದನ್ನು ಫ್ರೇಮ್ ಹಾಕಿಸಿ ತೋರಿಸಿ ದುಡ್ಡು ಕೇಳುವವರ ಹತ್ತಿರ ಲೆಕ್ಕದ ಪುಸ್ತಕ ಕೇಳಬೇಕು.

ಸಣ್ಣ ಆಹಾರ ಘಟಕಗಳಿಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ರಾಜ್ಯ ಸರ್ಕಾರದ ಎಲಿವೇಟ್ ಕಾರ್ಯಕ್ರಮದಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷದವರೆಗೂ ಅನುದಾನ ಸಿಗುತ್ತದೆ. ಉಪಯೋಗಿಸಿಕೊಳ್ಳಬೇಕಾದವೇ. ಆದರೆ ಸಬ್ಸಿಡಿ ಒಂದು ಸಲ ಬರುವ ದುಡ್ಡು, ಗಿರಾಕಿ ದಿನಾ ಬರಬೇಕು. ಸಬ್ಸಿಡಿ ಸಿಗುತ್ತೆ ಅಂತ ಮೆಷಿನ್ ತಂದು, ಕೊಳ್ಳುವವರನ್ನು ಆಮೇಲೆ ಹುಡುಕಲು ಹೊರಟರೆ ಆ ಮೆಷಿನ್ ಟಾರ್ಪಾಲ್ ಹೊದ್ದು ಮಲಗುತ್ತದೆ.

ಆ್ಯಪ್‌ನವರು ಅಂಗಡಿಗೆ ಬಂದಾಗ

ಅಂಗಡಿಯವರಿಗೆ ಇದೆಲ್ಲ ಯಾಕೆ ಬೇಕು? ಹೊಸ ಕಂಪನಿ ಮುಳುಗಿದಾಗ ಮೊದಲು ಏಟು ಬೀಳುವುದು ಸಾಮಾನು ಕೊಟ್ಟವರಿಗೆ, ಅದಕ್ಕೆ. ದಿವಾಳಿ ಕಾನೂನಿನಡಿ ಕಂಪನಿಯೊಂದರ ಮೇಲೆ ಅರ್ಜಿ ಹಾಕಬೇಕಾದರೆ 2020ರಿಂದ ಈಚೆಗೆ ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು. 40 ಸಾವಿರ ಬರಬೇಕಾದ ಅಂಗಡಿಯವರು ಆ ಬಾಗಿಲು ತಟ್ಟುವಂತಿಲ್ಲ. ಬೇರೆ ಯಾರೋ ಹಾಕಿದ ಅರ್ಜಿ ಮೇಲೆ ಪ್ರಕ್ರಿಯೆ ಶುರುವಾದರೆ ತಮ್ಮ ಬಾಕಿಯ ಕ್ಲೇಮ್ ಸಲ್ಲಿಸಬಹುದು. ಆದರೆ ಕಂಪನಿ ಪೂರ್ತಿ ಮುಚ್ಚಿ ಆಸ್ತಿ ಮಾರಿದಾಗ ದುಡ್ಡು ಹಂಚುವ ಸಾಲಿನಲ್ಲಿ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಅಡಮಾನ ಹಿಡಿದ ಬ್ಯಾಂಕು ಮತ್ತು ಕಾರ್ಮಿಕರು, ಇತರ ನೌಕರರು, ಉಳಿದ ಸಾಲ ಕೊಟ್ಟವರು, ಸರ್ಕಾರ. ಸಾಮಾನು ಕೊಟ್ಟವರ ಸರದಿ ಇವರೆಲ್ಲ ಆದ ಮೇಲೆ. ಅಲ್ಲಿಗೆ ಬರುವಷ್ಟರಲ್ಲಿ ತಟ್ಟೆ ಖಾಲಿ.

ಉದ್ಯಮ್ ನೋಂದಣಿ ಮಾಡಿಸಿರುವ ಸಣ್ಣ ತಯಾರಕರಿಗೆ ಇನ್ನೊಂದು ದಾರಿ ಇದೆ. ಎಂಎಸ್‌ಎಂಇ ಕಾಯ್ದೆ ಪ್ರಕಾರ ಅವರಿಂದ ಸರಕು ಕೊಂಡವರು, ಬರಹದ ಒಪ್ಪಂದ ಇದ್ದರೂ, 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ದೂರು ಕೊಡಬಹುದು. ಚಟ್ನಿಪುಡಿ ಮಾಡಿ ಕೊಟ್ಟವರಿಗೆ ಇದು ಅನ್ವಯಿಸುತ್ತದೆ. ಬೇರೆಯವರ ಸರಕು ತಂದು ಮಾರುವ ಅಂಗಡಿಯವರಿಗೆ, ಉದ್ಯಮ್ ನೋಂದಣಿ ಇದ್ದರೂ, ಈ ರಕ್ಷಣೆ ಇಲ್ಲ. ವ್ಯಾಪಾರಸ್ಥರ ನೋಂದಣಿ ಬ್ಯಾಂಕ್ ಸಾಲದ ಆದ್ಯತೆಗಷ್ಟೇ ಸೀಮಿತ.

ಹಾಗಾಗಿ ಟೀ ಶರ್ಟ್ ಹುಡುಗರು ಬಂದಾಗ ಅವರ ಕಂಪನಿಗೆ ಎಷ್ಟು ಕೋಟಿ ಬಂತು ಅಂತ ಕೇಳಿ ಪ್ರಯೋಜನವಿಲ್ಲ. ಮೂರು ತಿಂಗಳ ನಂತರ ಕಮಿಷನ್ ಎಷ್ಟು, ಆಫರ್‌ನ ದುಡ್ಡು ಯಾರ ಕೈಯಿಂದ ಹೋಗುತ್ತದೆ, ಮಾರಿದ ದುಡ್ಡು ಎಷ್ಟು ದಿನಕ್ಕೆ ಖಾತೆಗೆ ಬೀಳುತ್ತದೆ, ಗಿರಾಕಿ ವಾಪಸ್ ಕಳಿಸಿದ ಸಾಮಾನು ಯಾರ ತಲೆಗೆ? ಇಷ್ಟಕ್ಕೆ ಕಾಗದದ ಮೇಲೆ ಉತ್ತರ ಬೇಕು. ಪಕ್ಕದ ತಾಲ್ಲೂಕಿನಲ್ಲಿ ವರ್ಷದಿಂದ ಅವರೊಂದಿಗೆ ವ್ಯವಹಾರ ಮಾಡುತ್ತಿರುವ ಇಬ್ಬರು ಅಂಗಡಿಯವರ ನಂಬರ್ ಕೇಳಿ, ಫೋನ್ ಮಾಡಿ, ಕಳೆದ ತಿಂಗಳ ಹಣ ಬಂತಾ ಅಂತ ವಿಚಾರಿಸಬಹುದು. ಸೇರಿಕೊಂಡ ಮೇಲೂ ಬಾಕಿ ಒಂದು ವಾರದ ಮಾರಾಟಕ್ಕಿಂತ ಮೇಲೆ ಹೋಗದಂತೆ ನೋಡಿಕೊಳ್ಳುವುದು ಕ್ಷೇಮ. ‘ಸರ್ವರ್ ಪ್ರಾಬ್ಲಂ, ಮುಂದಿನ ವಾರ ಒಟ್ಟಿಗೆ ಹಾಕ್ತೀವಿ’ ಅನ್ನುವ ಮೆಸೇಜ್ ಎರಡನೇ ಸಲ ಬಂದರೆ, ಆ ದಿನವೇ ಸಾಮಾನು ಕೊಡುವುದನ್ನು ನಿಲ್ಲಿಸಿ ಹಳೆಯ ಬಾಕಿ ಕೇಳಬೇಕು.